ಮುಂದಿನ ಹಲ್ಲಿಗೆ ಯಾವ ಹೊದಿಕೆ? ಕಾಂಪೋಸಿಟೋ, ಪಿಂಗಾಣಿಯೋ

(ಖಟಕ ಚಿಂಚೋಳಿಯ ದಂತ ಆರೋಗ್ಯ ಶಿಬಿರದಲ್ಲಿ ಆಸ್ಪತ್ರೆಯ ದಂತ ವೈದ್ಯರು ಮಾಡಿದ ಉಪನ್ಯಾಸದ ಬರಹ ರೂಪ)

ಹಲ್ಲಿನ ಶಿಬಿರವೆಂದರೆ ಹುಳುಕು, ನೋವು, ಹಲ್ಲು ಕೀಳುವುದು ಇವೇ ಮಾತುಗಳು. ಇಂದು ನಾನು ನೋವಿಲ್ಲದ ಒಂದು ತೊಂದರೆಯ ಬಗ್ಗೆ ಹೇಳಲು ನಿಂತಿದ್ದೇನೆ. ಮುಂದಿನ ಹಲ್ಲುಗಳ ಮೇಲಿನ ಕಂದು ಕಲೆ, ಸುಣ್ಣ ಬಳಿದಂಥ ಬಿಳಿ ಪಟ್ಟೆ, ಮುರಿದ ತುದಿ, ಹಲ್ಲುಗಳ ನಡುವಿನ ಸಂದು. ಇವುಗಳಿಂದ ಊಟ ನಿಲ್ಲುವುದಿಲ್ಲ, ನಿದ್ದೆ ಕೆಡುವುದಿಲ್ಲ. ಆದರೂ ನಗು ಬಂದಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವ ಹೆಣ್ಣುಮಕ್ಕಳು, ಫೋಟೋ ತೆಗೆಯುವಾಗ ತುಟಿ ಬಿಗಿಹಿಡಿಯುವ ಹುಡುಗರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಇದೂ ಒಂದು ಕಷ್ಟವೇ. ಇದನ್ನು ಸೊಕ್ಕು, ಶೋಕಿ ಎಂದು ಯಾರೂ ಹೀಯಾಳಿಸಬಾರದು.

ಆದರೆ ಈ ಕಷ್ಟ ಹಿಡಿದು ಬರುವವರು ಸಾಮಾನ್ಯವಾಗಿ ಆತುರದಲ್ಲಿ ಬರುತ್ತಾರೆ. "ಡಾಕ್ಟರ್ ಸಾಹೇಬ್ರೆ, ಬರೋ ತಿಂಗಳ ಲಗ್ನ ಅದರಿ. ಹುಡುಗಿ ಹಲ್ಲು ಬೆಳ್ಳಗ ಮಾಡಿ ಕೊಡ್ರಿ. ಭಾರಿ ಸಾಮಾನೇ ಹಾಕ್ರಿ, ಸಾಲ ಮಾಡಿಯಾದ್ರೂ ರೊಕ್ಕ ಕೊಡ್ತೀವಿ." ಈ ಮಾತಿನಲ್ಲಿ ಎರಡು ಅಪಾಯಗಳಿವೆ. ಹೆಚ್ಚು ಬೆಲೆಯ ಸಾಮಾನೇ ಒಳ್ಳೆಯದು ಎಂಬುದು ಒಂದು. ಬೇಗ ಮುಗಿಯಬೇಕು ಎಂಬುದು ಇನ್ನೊಂದು. ಇವೆರಡೂ ಸೇರಿದಾಗ ಗಟ್ಟಿಮುಟ್ಟಾದ ಹಲ್ಲುಗಳು ತೇಯಲ್ಪಟ್ಟು ಹೋಗುತ್ತವೆ. ತೇಯ್ದ ಹಲ್ಲು ಕೂದಲಿನಂತೆ, ಉಗುರಿನಂತೆ ಮತ್ತೆ ಬೆಳೆಯುವುದಿಲ್ಲ. ಆದ್ದರಿಂದ ಯಾವ ಸಾಮಾನು ಎಂಬುದನ್ನು ಹೇಗೆ ಆರಿಸಬೇಕೆಂದು ಸಾವಕಾಶವಾಗಿ ನೋಡೋಣ.

ಹೊದಿಕೆ ಎಂದರೇನು?

ಹಲ್ಲಿನ ಹೊರಗಿನ ಗಟ್ಟಿ ಪದರಕ್ಕೆ ಎನಾಮಲ್ ಎನ್ನುತ್ತಾರೆ. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೊಂದಿಲ್ಲ. ಆದರೆ ಅದು ಬಹಳ ತೆಳು. ಮುಂದಿನ ಹಲ್ಲಿನ ತುದಿಯ ಹತ್ತಿರ ಸುಮಾರು 1 ಮಿಲಿಮೀಟರ್ ಇರುತ್ತದೆ. ವಸಡಿನ ಹತ್ತಿರ ಬಂದಂತೆ ಅದರ ಅರ್ಧವೂ ಇರುವುದಿಲ್ಲ. ಎನಾಮಲ್ ಒಳಗೆ ಸ್ವಲ್ಪ ಹಳದಿ ಬಣ್ಣದ ಡೆಂಟಿನ್ ಇದೆ. ಅದರ ಒಳಗೆ ರಕ್ತನಾಳ, ನರಗಳಿರುವ ತಿರುಳು ಇದೆ.

ಹಲ್ಲಿನ ಮುಂಭಾಗಕ್ಕೆ ಮಾತ್ರ ತೆಳುವಾದ ಒಂದು ಪದರವನ್ನು ಅಂಟಿಸಿ ಬಣ್ಣ, ಆಕಾರ ಸರಿಪಡಿಸುವುದಕ್ಕೆ ವೆನಿಯರ್ ಎನ್ನುತ್ತಾರೆ. ನಾವು ಹೊದಿಕೆ ಎಂದು ಕರೆಯೋಣ. ಹಲ್ಲನ್ನು ಸುತ್ತಲೂ ತೇಯ್ದು ಟೋಪಿಯಂತೆ ಹಾಕುವುದು ಕ್ಯಾಪ್. ಇವೆರಡೂ ಬೇರೆ ಬೇರೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಇದರ ಮಾತು ಬರುತ್ತದೆ.

ಹೊದಿಕೆಯ ಕಥೆ ಅಮೆರಿಕದ ಸಿನಿಮಾ ಊರು ಹಾಲಿವುಡ್‌ನಲ್ಲಿ ಶುರುವಾಯಿತು. 1930ರ ದಶಕದಲ್ಲಿ ಚಾರ್ಲ್ಸ್ ಪಿಂಕಸ್ ಎಂಬ ದಂತ ವೈದ್ಯರು ನಟ ನಟಿಯರ ಹಲ್ಲುಗಳ ಮೇಲೆ ತೆಳು ಹೊದಿಕೆ ಕೂರಿಸುತ್ತಿದ್ದರು. ಕಟ್ಟಿಸಿದ ಹಲ್ಲಿನ ಸೆಟ್ ಹಿಡಿದಿಡಲು ಬಳಸುವ ಪುಡಿಯಿಂದ ಅದನ್ನು ಅಂಟಿಸುತ್ತಿದ್ದರು. ಶೂಟಿಂಗ್ ಮುಗಿದ ಮೇಲೆ ತೆಗೆದಿಡಬೇಕಾಗಿತ್ತು. ಹಲ್ಲಿಗೆ ಭದ್ರವಾಗಿ ಅಂಟಿಸುವ ವಿದ್ಯೆ ಆಗ ಯಾರಿಗೂ ಗೊತ್ತಿರಲಿಲ್ಲ.

ಅಂಟು ಹಿಡಿಯುವುದು ಹೇಗೆ?

1955ರಲ್ಲಿ ಅಮೆರಿಕದ ಮೈಕೆಲ್ ಬ್ಯೂನೊಕೋರ್ ಒಂದು ಸರಳ ಉಪಾಯ ಕಂಡುಹಿಡಿದರು. ಎನಾಮಲ್ ಮೇಲೆ ಫಾಸ್ಫಾರಿಕ್ ಆಮ್ಲವನ್ನು ಅರ್ಧ ನಿಮಿಷ ಹಚ್ಚಿ ತೊಳೆದರೆ ಅದರ ಮೇಲೆ ಕಣ್ಣಿಗೆ ಕಾಣದ ಸಾವಿರಾರು ಸಣ್ಣ ಕುಳಿಗಳಾಗುತ್ತವೆ. ತೆಳುವಾದ ರಾಳ ಆ ಕುಳಿಗಳೊಳಗೆ ಇಳಿದು ಗಟ್ಟಿಯಾದರೆ ಬಿಡುವುದಿಲ್ಲ.

ಇದು ಬೀದರ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ನಮ್ಮ ಬಿದರಿ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಯ ಮೇಲೆ ಬೆಳ್ಳಿಯನ್ನು ಸುಮ್ಮನೆ ಇಟ್ಟು ಒತ್ತುವುದಿಲ್ಲ. ಉಳಿಯಿಂದ ಮೊದಲು ಗೀರು ಕೊರೆಯುತ್ತಾರೆ, ಆ ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಗೀರು ಸರಿಯಾಗಿದ್ದರೆ ಬೆಳ್ಳಿ ತಲೆಮಾರುಗಳವರೆಗೆ ಏಳುವುದಿಲ್ಲ. ಹಲ್ಲಿನ ಹೊದಿಕೆಯ ಗುಟ್ಟೂ ಅದೇ. ಈ ಹಿಡಿತ ಎನಾಮಲ್ ಮೇಲೆ ಬಹಳ ಗಟ್ಟಿ. ಎನಾಮಲ್ ತೇಯ್ದು ಹೋಗಿ ಡೆಂಟಿನ್ ಕಂಡರೆ ಹಿಡಿತ ಸಡಿಲವಾಗುತ್ತದೆ. ಹೊದಿಕೆ ಯಾವುದರಿಂದ ಮಾಡಿದ್ದು ಎಂಬುದಕ್ಕಿಂತ ಅದರ ಕೆಳಗೆ ಎಷ್ಟು ಎನಾಮಲ್ ಉಳಿದಿದೆ ಎಂಬುದೇ ಅದರ ಆಯುಷ್ಯವನ್ನು ನಿರ್ಧರಿಸುತ್ತದೆ. ಇಂದಿನ ಮಾತಿನಲ್ಲಿ ಇದೊಂದನ್ನು ನೀವು ಮನೆಗೆ ಒಯ್ದರೂ ಸಾಕು.

ಮೊದಲು ಕಲೆಯ ಮೂಲ ತಿಳಿಯಿರಿ

ಜ್ವರಕ್ಕೆ ಕಾರಣ ಹುಡುಕದೆ ಔಷಧ ಕೊಡುವುದಿಲ್ಲ. ಹಲ್ಲಿನ ಕಲೆಗೂ ಹಾಗೆಯೇ.

ತಂಬಾಕು, ಗುಟ್ಕಾ, ಮಿಶ್ರಿ, ಎಲೆಯಡಿಕೆ, ಚಹಾ ಇವುಗಳ ಕಲೆ ಹಲ್ಲಿನ ಮೇಲ್ಭಾಗದಲ್ಲಿ ಕೂರುತ್ತದೆ. ಹಲ್ಲು ಸ್ವಚ್ಛ ಮಾಡಿಸಿದರೆ ಹೋಗುತ್ತದೆ. ಇದಕ್ಕೆ ಹೊದಿಕೆಯ ಅಗತ್ಯವಿಲ್ಲ. ಹಲ್ಲು ಸ್ವಚ್ಛ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಮಾತನ್ನು ನಂಬಬೇಡಿ. ಸಡಿಲ ಮಾಡುವುದು ವಸಡಿನ ಕೆಳಗೆ ಕೂತ ಗಾರೆ, ಅದನ್ನು ತೆಗೆಯುವುದಲ್ಲ.

ಒಂದೇ ಒಂದು ಹಲ್ಲು ಬೂದು ಅಥವಾ ಕಪ್ಪಾಗಿದ್ದರೆ, ಹಿಂದೆ ಎಂದೋ ಬಿದ್ದು ಪೆಟ್ಟಾಗಿ ಒಳಗಿನ ನರ ಸತ್ತಿರಬಹುದು. ಅದಕ್ಕೆ ಮೊದಲು ಬೇರಿನ ಚಿಕಿತ್ಸೆ, ಅಂದರೆ ರೂಟ್ ಕೆನಾಲ್ ಬೇಕು. ಆಮೇಲೆ ಒಳಗಿನಿಂದಲೇ ಬಿಳುಪು ಮಾಡಬಹುದು.

ಚಿಕ್ಕ ವಯಸ್ಸಿನಲ್ಲಿ ಟೆಟ್ರಾಸೈಕ್ಲಿನ್ ಮಾತ್ರೆ ನುಂಗಿದವರ ಹಲ್ಲುಗಳಲ್ಲಿ ಬೂದು, ಕಂದು ಪಟ್ಟೆಗಳಿರುತ್ತವೆ. 8 ವರ್ಷದೊಳಗಿನ ಮಕ್ಕಳಿಗೆ, ಗರ್ಭಿಣಿಯರಿಗೆ ಈ ಔಷಧ ಸಾಮಾನ್ಯವಾಗಿ ಕೊಡುವುದಿಲ್ಲ. ಅಂಗಡಿಯಿಂದ ನೀವೇ ಮಾತ್ರೆ ತಂದು ಮಕ್ಕಳಿಗೆ ಹಾಕಬೇಡಿ.

ಇನ್ನು ನಾಲ್ಕನೆಯದು ನೀರಿನ ಕಲೆ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು.

ನೀರಿನಿಂದ ಬರುವ ಕಲೆ

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ, ವಸಡಿನ ಒಳಗೆ ಹಲ್ಲು ತಯಾರಾಗುತ್ತಿರುವಾಗಲೇ ಎನಾಮಲ್ ಕೆಡುತ್ತದೆ. ಇದಕ್ಕೆ ಫ್ಲೋರೋಸಿಸ್ ಎನ್ನುತ್ತಾರೆ. ಎಡ ಬಲ ಎರಡೂ ಕಡೆ ಒಂದೇ ಬಗೆಯ ಬಿಳಿ ಪಟ್ಟೆ ಅಥವಾ ಕಂದು ಕಲೆ ಇರುವುದು ಇದರ ಗುರುತು. ಒಂದೇ ಬೋರಿನ ನೀರು ಕುಡಿದ ಅಣ್ಣ ತಮ್ಮಂದಿರಲ್ಲಿ, ಓಣಿಯ ಮಕ್ಕಳಲ್ಲಿ ಹೀಗೇ ಕಾಣಿಸುತ್ತದೆ. ಭಾರತದಲ್ಲಿ ಈ ರೋಗದ ವಿವರ ಮೊದಲು ಪ್ರಕಟವಾದದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಿಂದ. ನಮ್ಮ ರಾಜ್ಯದಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ರಾಯಚೂರು, ಕೊಪ್ಪಳ, ಗದಗ ಜಿಲ್ಲೆಗಳ ಅನೇಕ ಹಳ್ಳಿಗಳು ಇದರಿಂದ ನರಳಿವೆ. ನೆರೆಯ ತೆಲಂಗಾಣದ ನಲ್ಗೊಂಡ ಇದಕ್ಕೇ ಹೆಸರಾದ ಜಿಲ್ಲೆ.

ಒಂದು ಊರಿನಲ್ಲಿಯೇ ಒಂದು ಬೋರಿನ ನೀರು ಚೆನ್ನಾಗಿದ್ದು ಇನ್ನೊಂದರಲ್ಲಿ ಫ್ಲೋರೈಡ್ ಇರಬಹುದು. ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ. ಪರೀಕ್ಷೆಯೊಂದೇ ದಾರಿ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಇಲ್ಲದಿದ್ದಾಗ 1.5ರವರೆಗೆ ನಡೆಯುತ್ತದೆ. ನಿಮ್ಮ ಬೋರಿನ ನೀರನ್ನು ಗ್ರಾಮ ಪಂಚಾಯಿತಿಯವರ ಮೂಲಕ ಪರೀಕ್ಷೆ ಮಾಡಿಸಿ. ಇನ್ನೊಂದು ಮಾತು, ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುವುದರಿಂದ ಅದು ಇನ್ನಷ್ಟು ಗಾಢವಾಗುತ್ತದೆ. ಆರ್.ಓ. ಶುದ್ಧೀಕರಣ ಘಟಕದಿಂದ ಫ್ಲೋರೈಡ್ ಕಡಿಮೆಯಾಗುತ್ತದೆ. ಮಳೆಯ ನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಇದನ್ನು ಇಷ್ಟು ಏಕೆ ಹೇಳಿದೆ? ಮುಂದಿನ ಬಾಚಿ ಹಲ್ಲುಗಳಿಗೆ ಈ ತೊಂದರೆ ತಗಲುವುದು ಮುಖ್ಯವಾಗಿ ಮಗುವಿನ ಮೊದಲ ಮೂರು ನಾಲ್ಕು ವರ್ಷಗಳಲ್ಲಿ. 8 ವರ್ಷ ದಾಟಿದ ಮೇಲೆ ಹೊಸದಾಗಿ ಮುಂದಿನ ಹಲ್ಲುಗಳು ಹೀಗೆ ಕೆಡುವುದಿಲ್ಲ. ದೊಡ್ಡ ಮಗಳ ಹಲ್ಲಿಗೆ ಹೊದಿಕೆ ಹಾಕಿಸಲು ಸಾವಿರಾರು ರೂಪಾಯಿ ಖರ್ಚು ಮಾಡಿ, ತೊಟ್ಟಿಲಲ್ಲಿರುವ ಮೊಮ್ಮಗುವಿಗೆ ಅದೇ ಬೋರಿನ ನೀರು ಕುಡಿಸಿದರೆ ಇಪ್ಪತ್ತು ವರ್ಷದ ನಂತರ ಮತ್ತೆ ಅದೇ ಖರ್ಚು.

ಕಡಿಮೆಯಿಂದ ಹೆಚ್ಚಿಗೆ ಹೋಗಿ

ಕಲೆಗೆ ಚಿಕಿತ್ಸೆ ಮೆಟ್ಟಿಲು ಹತ್ತಿದಂತೆ ನಡೆಯಬೇಕು. ಮೊದಲ ಮೆಟ್ಟಿಲು ಸ್ವಚ್ಛತೆ. ಎರಡನೆಯದು ಔಷಧದಿಂದ ಬಿಳುಪು ಮಾಡುವುದು. ತೆಳುವಾದ ಕಂದು ಕಲೆಯಾದರೆ ಮೇಲ್ಪದರವನ್ನು ಆಮ್ಲ ಮತ್ತು ಸಣ್ಣ ಪುಡಿಯಿಂದ ಕೂದಲೆಳೆಯಷ್ಟು ಉಜ್ಜಿ ತೆಗೆಯುವ ಕ್ರಮವೂ ಇದೆ. ಇದನ್ನು ವೈದ್ಯರೇ ಮಾಡಬೇಕು. ಮನೆಯಲ್ಲಿ ನಿಂಬೆಹುಳಿ, ಸೋಡಾ ಹಾಕಿ ತಿಕ್ಕುವುದು ಇದಲ್ಲ, ಅದರಿಂದ ಹಲ್ಲು ಸವೆಯುತ್ತದೆ. ಸಾಧಾರಣ ಫ್ಲೋರೋಸಿಸ್ ಇರುವ ಎಷ್ಟೋ ಮಂದಿಗೆ ಇಷ್ಟರಲ್ಲಿಯೇ ಸಮಾಧಾನವಾಗುತ್ತದೆ. ಕಲೆ ಆಳವಾಗಿದ್ದು, ಎನಾಮಲ್ ಅಲ್ಲಲ್ಲಿ ಕಿತ್ತು ಗುಳಿಬಿದ್ದಿದ್ದರೆ, ತುದಿ ಮುರಿದಿದ್ದರೆ ಮಾತ್ರ ಹೊದಿಕೆಯ ಮೆಟ್ಟಿಲಿಗೆ ಬರಬೇಕು. ಅಲ್ಲಿ ಎರಡು ಮುಖ್ಯ ಸಾಮಾನುಗಳಿವೆ.

ಕಾಂಪೋಸಿಟ್

1962ರಲ್ಲಿ ರಾಫೆಲ್ ಬೋವೆನ್ ಎಂಬ ವಿಜ್ಞಾನಿ ರೂಪಿಸಿದ ರಾಳದಿಂದ ಇದು ಬೆಳೆದು ಬಂತು. ರಾಳದಲ್ಲಿ ಗಾಜಿನಂಥ ಸಣ್ಣ ಕಣಗಳನ್ನು ಬೆರೆಸಿರುತ್ತಾರೆ. ಕಣಕದಂತೆ ಮೆತ್ತಗಿರುತ್ತದೆ. ವೈದ್ಯರು ಹಲ್ಲಿನ ಮೇಲೆ ಪದರ ಪದರವಾಗಿ ಹಚ್ಚಿ, ಆಕಾರ ಕೊಟ್ಟು, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ.

ಇದರ ಗುಣಗಳು ಇವು. ಹೆಚ್ಚಿನ ಸಲ ಒಂದೇ ಭೇಟಿಯಲ್ಲಿ ಮುಗಿಯುತ್ತದೆ. ಅನೇಕ ಹಲ್ಲುಗಳಿಗೆ ತೇಯುವ ಅಗತ್ಯವೇ ಇಲ್ಲ, ಇದ್ದರೂ ಬಹಳ ಸ್ವಲ್ಪ. ಖರ್ಚು ಕಡಿಮೆ. ತುದಿ ಮುರಿದರೆ ಮುರಿದಷ್ಟಕ್ಕೇ ಮತ್ತೆ ಹಚ್ಚಬಹುದು, ಅದಕ್ಕೆ ದೊಡ್ಡ ಊರಿಗೆ ಹೋಗಬೇಕಾಗಿಲ್ಲ. ಮುಂದೆ ಮನಸ್ಸು ಬದಲಾದರೆ ಪಿಂಗಾಣಿಗೆ ಹೋಗುವ ದಾರಿಯೂ ತೆರೆದಿರುತ್ತದೆ.

ದೋಷಗಳೂ ಇವೆ. ಚಹಾ, ಅರಿಶಿನ, ತಂಬಾಕಿನ ಬಣ್ಣ ಇದಕ್ಕೆ ಹಿಡಿಯುತ್ತದೆ. ವರ್ಷಕ್ಕೊಮ್ಮೆ ಮತ್ತೆ ಹೊಳಪು ಕೊಡಿಸಬೇಕು. ಅಂಚುಗಳು ಸವೆಯುತ್ತವೆ, ಚೂರು ಏಳುತ್ತದೆ. ಸಾಮಾನ್ಯವಾಗಿ ಐದರಿಂದ ಏಳು ವರ್ಷಕ್ಕೆ ದುರಸ್ತಿ ಅಥವಾ ಬದಲಾವಣೆ ಬೇಕಾಗುತ್ತದೆ. ಬಹಳ ಗಾಢವಾದ ಕಲೆಯನ್ನು ತೆಳು ಪದರದಲ್ಲಿ ಮುಚ್ಚುವುದು ಕಷ್ಟ. ಹಚ್ಚುವ ವೈದ್ಯರ ಕೈ ಎಷ್ಟು ಪಳಗಿದೆ ಎಂಬುದರ ಮೇಲೆಯೇ ಇದರ ಅಂದ ನಿಂತಿದೆ.

ಪಿಂಗಾಣಿ

ಇದಕ್ಕೆ ಪೋರ್ಸಲೇನ್, ಸೆರಾಮಿಕ್ ಎಂಬ ಹೆಸರುಗಳೂ ಉಂಟು. 1983ರಲ್ಲಿ ಅಮೆರಿಕದ ಸೈಮನ್ಸನ್ ಮತ್ತು ಕಲಾಮಿಯಾ ಎಂಬುವರು ಪಿಂಗಾಣಿಯ ಒಳಮೈಗೂ ಹೈಡ್ರೋಫ್ಲೋರಿಕ್ ಆಮ್ಲದಿಂದ ಕುಳಿ ಮಾಡಿದರೆ ಅಂಟು ಬಿಗಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು. ಅಲ್ಲಿಂದ ಇದು ಜಗತ್ತಿನ ಎಲ್ಲ ಕಡೆ ಬಳಕೆಗೆ ಬಂತು. ಹಲ್ಲಿನ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ, ಅಲ್ಲಿ ಹೊದಿಕೆ ತಯಾರಾಗಿ ಬಂದ ಮೇಲೆ ಅಂಟಿಸುತ್ತಾರೆ. ಕನಿಷ್ಠ ಎರಡು ಮೂರು ಭೇಟಿ ಬೇಕು.

ಪಿಂಗಾಣಿಯಲ್ಲಿಯೂ ಬಗೆಗಳಿವೆ. ಫೆಲ್ಡ್‌ಸ್ಪಾರ್ ಎಂಬ ಖನಿಜದಿಂದ ಮಾಡಿದ ಹಳೆಯ ಬಗೆ ಅತಿ ತೆಳು, ಅತಿ ಚೆಂದ. ನಿಜವಾದ ಹಲ್ಲಿನಂತೆ ಬೆಳಕು ಅದರೊಳಗೆ ಹಾಯುತ್ತದೆ. ಆದರೆ ಅಂಟಿಸುವವರೆಗೆ ಬಳೆಯಷ್ಟು ನಾಜೂಕು. ಲಿಥಿಯಂ ಡೈಸಿಲಿಕೇಟ್ ಎಂಬ ಹೊಸ ಬಗೆ ಅದಕ್ಕಿಂತ ಹಲವು ಪಟ್ಟು ಗಟ್ಟಿ, ನೋಡಲೂ ಚೆನ್ನ, ಒಳಮೈಗೆ ಆಮ್ಲವೂ ಹಿಡಿಯುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವುದು ಇದೇ.

ಪಿಂಗಾಣಿಗೆ ಬಣ್ಣ ಹಿಡಿಯುವುದಿಲ್ಲ, ಹೊಳಪು ಮಾಸುವುದಿಲ್ಲ. ಎನಾಮಲ್ ಮೇಲೆ ಸರಿಯಾಗಿ ಅಂಟಿಸಿದರೆ ಹತ್ತು ವರ್ಷದ ನಂತರವೂ ಹತ್ತರಲ್ಲಿ ಒಂಬತ್ತು ಉಳಿದಿರುತ್ತವೆ ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ಇದಕ್ಕೆ ಜಾಗ ಮಾಡಿಕೊಡಲು ಸಾಮಾನ್ಯವಾಗಿ ಮುಂಭಾಗದ ಎನಾಮಲ್ಲನ್ನು 0.3ರಿಂದ 0.7 ಮಿಲಿಮೀಟರ್‌ವರೆಗೆ ತೇಯಬೇಕು. ಒಮ್ಮೆ ತೇಯ್ದರೆ ಆ ಹಲ್ಲಿಗೆ ಜೀವಮಾನವಿಡೀ ಯಾವುದಾದರೊಂದು ಹೊದಿಕೆ ಬೇಕೇ ಬೇಕು. ಬಿರುಕು ಬಿಟ್ಟರೆ ದುರಸ್ತಿ ಕಷ್ಟ, ಬಹುತೇಕ ಹೊಸದನ್ನೇ ಮಾಡಿಸಬೇಕು. ಖರ್ಚಂತೂ ಕಾಂಪೋಸಿಟ್‌ಗಿಂತ ಹಲವು ಪಟ್ಟು.

ಬೀದರಿನ ಮಹಮೂದ್ ಗವಾನ್ ಮದರಸಾ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. 1472ರಲ್ಲಿ ಕಟ್ಟಿದ ಆ ಕಟ್ಟಡದ ಮುಂಭಾಗಕ್ಕೆ ಬಣ್ಣದ ಹೊಳಪಿನ ಬಿಲ್ಲೆಗಳನ್ನು ಹೊದಿಸಿದ್ದರು. ಉಳಿದಿರುವ ಬಿಲ್ಲೆಗಳಲ್ಲಿ ಐನೂರು ವರ್ಷ ದಾಟಿದ ಮೇಲೂ ನೀಲಿ ಬಣ್ಣ ಕಾಣುತ್ತದೆ. ಆದರೆ ಬಹಳಷ್ಟು ಬಿಲ್ಲೆಗಳು ಗೋಡೆ ಬಿಟ್ಟು ಹೋಗಿವೆ. ಬಿಲ್ಲೆಯ ಬಣ್ಣ ಗಟ್ಟಿ, ಅದನ್ನು ಉಳಿಸುವುದು ಹಿಂದಿನ ಹಿಡಿತ. ಬಾಯಿಯಲ್ಲಿಯೂ ಅಷ್ಟೇ.

ಫ್ಲೋರೋಸಿಸ್ ಇರುವ ಹಲ್ಲುಗಳಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ ಬೇಕು. ಅಂಥ ಎನಾಮಲ್‌ನ ಹೊರಪದರಕ್ಕೆ ಆಮ್ಲ ಬೇಗ ಇಳಿಯುವುದಿಲ್ಲ. ಮೇಲ್ಪದರ ಸ್ವಲ್ಪ ಒರಟು ಮಾಡಿ ಅಥವಾ ಆಮ್ಲವನ್ನು ಹೆಚ್ಚು ಹೊತ್ತು ಇಟ್ಟು ಅಂಟಿಸಬೇಕಾಗುತ್ತದೆ. ಆದ್ದರಿಂದ ನಿಮ್ಮ ಊರಿನ ನೀರಿನ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ.

ಜಿರ್ಕೋನಿಯಾ ಮತ್ತು ಕ್ಯಾಪ್

"ಜಿರ್ಕೋನಿಯಾನೇ ಹಾಕ್ರಿ, ಅದು ಒಡ್ಯಾಂಗಿಲ್ಲ" ಎಂದು ಕೇಳಿಕೊಂಡು ಬರುವವರಿದ್ದಾರೆ. ಜಿರ್ಕೋನಿಯಾ ಬಹಳ ಗಟ್ಟಿ ಎಂಬುದು ನಿಜ. ದವಡೆ ಹಲ್ಲಿನ ಕ್ಯಾಪ್‌ಗೆ ಅದು ಒಳ್ಳೆಯದು. ಆದರೆ ಅದರ ಒಳಮೈಗೆ ಹೈಡ್ರೋಫ್ಲೋರಿಕ್ ಆಮ್ಲ ಕುಳಿ ಮಾಡಲಾರದು. ಅದನ್ನು ಅಂಟಿಸಲು ಬೇರೆ ಬಗೆಯ ಸಿದ್ಧತೆ, ಬೇರೆ ಅಂಟು ಬೇಕು. ತೆಳು ಹೊದಿಕೆಗೆ ಅಂಟೇ ಆಧಾರವಾದ್ದರಿಂದ ಮುಂದಿನ ಹಲ್ಲಿನ ಹೊದಿಕೆಗೆ ಜಿರ್ಕೋನಿಯಾ ಮೊದಲ ಆಯ್ಕೆಯಲ್ಲ. ಯಾವ ಸಾಮಾನೂ ಎಲ್ಲ ಕಡೆಗೂ ಶ್ರೇಷ್ಠವಲ್ಲ. ಕುಡುಗೋಲಿನ ಕೆಲಸ ಕೊಡಲಿಯಿಂದ ಆಗದು.

ಇನ್ನು ಕ್ಯಾಪ್. ಆರು ಹಲ್ಲುಗಳನ್ನು ಸುತ್ತಲೂ ತೇಯ್ದು ಒಂದೇ ವಾರದಲ್ಲಿ ಬೆಳ್ಳನೆಯ ಕ್ಯಾಪ್ ಹಾಕಿಸಿಕೊಂಡವರನ್ನು ನೀವೂ ನೋಡಿರಬಹುದು. ನೋಡಲು ಬೇಗ ಮುಗಿದ ಕೆಲಸ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೊದಿಕೆಗಾಗಿ ತೇಯುವಾಗ ಹಲ್ಲಿನ ಕಾಣುವ ಭಾಗದ ಶೇಕಡಾ 3ರಿಂದ 30ರಷ್ಟು ಹೋಗುತ್ತದೆ, ಪೂರ್ತಿ ಕ್ಯಾಪ್‌ಗಾದರೆ ಶೇಕಡಾ 63ರಿಂದ 72ರಷ್ಟು ಹೋಗುತ್ತದೆ ಎಂದು ಅಳೆದು ತೋರಿಸಿದ್ದಾರೆ. ಅಂದರೆ ಹಲ್ಲಿನಲ್ಲಿ ಮೂರನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಇಪ್ಪತ್ತು ವರ್ಷದ ಹುಡುಗಿಯ ಹಲ್ಲಿನ ತಿರುಳು ದೊಡ್ಡದಿರುತ್ತದೆ. ಅಷ್ಟು ತೇಯ್ದಾಗ ನರಕ್ಕೆ ಪೆಟ್ಟಾಗಿ ಬೇರಿನ ಚಿಕಿತ್ಸೆಯವರೆಗೆ ಹೋಗುವ ಸಂಭವ ಉಂಟು. ಬೇರಿನ ಚಿಕಿತ್ಸೆಯಾದ ಹಲ್ಲು, ಅರ್ಧಕ್ಕಿಂತ ಹೆಚ್ಚು ಮುರಿದ ಹಲ್ಲು, ದೊಡ್ಡ ಹುಳುಕಿನ ಹಲ್ಲು ಇವಕ್ಕೆ ಕ್ಯಾಪ್ ಬೇಕಾಗಬಹುದು. ಬರಿ ಕಲೆಗೆ ಕ್ಯಾಪ್ ಹಾಕಿಸಬೇಡಿ.

ಯಾರಿಗೆ ಯಾವುದು?

18 ವರ್ಷದೊಳಗಿನ ಮಕ್ಕಳಿಗೆ ಹಲ್ಲು ತೇಯ್ದು ಪಿಂಗಾಣಿ ಹಾಕಿಸುವ ಅವಸರ ಬೇಡ. ವಸಡು ಇನ್ನೂ ತನ್ನ ಜಾಗಕ್ಕೆ ಬಂದಿರುವುದಿಲ್ಲ. ಶಾಲೆಯಲ್ಲಿ ಅಪಹಾಸ್ಯದಿಂದ ಮಗು ಕುಗ್ಗಿದ್ದರೆ ತೇಯದೆ ಹಚ್ಚುವ ಕಾಂಪೋಸಿಟ್ ಸಾಕು.

ಒಂದೆರಡು ಹಲ್ಲಿನ ಕಲೆ, ತುದಿ ಮುರಿತ, ಸಣ್ಣ ಸಂದು ಇದ್ದರೆ ಕಾಂಪೋಸಿಟ್ ಒಳ್ಳೆಯದು. ವಯಸ್ಸು ಬಂದವರಲ್ಲಿ ನಾಲ್ಕಾರು ಹಲ್ಲುಗಳ ಆಳವಾದ ಕಂದು ಕಲೆ ಇದ್ದು, ವಸಡು ಆರೋಗ್ಯವಾಗಿದ್ದು, ಎನಾಮಲ್ ಸಾಕಷ್ಟಿದ್ದು, ಖರ್ಚಿಗೆ ಸಾಲ ಮಾಡುವ ಅಗತ್ಯವಿಲ್ಲದಿದ್ದರೆ ಪಿಂಗಾಣಿ ಯೋಗ್ಯ.

ರಾತ್ರಿ ಹಲ್ಲು ಕಡಿಯುವವರಿಗೆ, ವಸಡಿನಿಂದ ರಕ್ತ ಬರುವವರಿಗೆ, ಹುಳುಕು ಹಲ್ಲುಗಳಿರುವವರಿಗೆ ಮೊದಲು ಅವುಗಳ ಚಿಕಿತ್ಸೆಯಾಗಬೇಕು. ಗುಟ್ಕಾ ಬಿಡದವರಿಗೆ ಯಾವ ಹೊದಿಕೆಯೂ ಬೇಡ. ಅವರು ಆ ರೊಕ್ಕ ಉಳಿಸಿಕೊಂಡು ಮೊದಲು ಗುಟ್ಕಾ ಬಿಡಲಿ. ಬಾಯಿ ಪೂರ್ತಿ ತೆರೆಯಲು ಬಾರದಿದ್ದರೆ, ಬಿಳಿ ಮಚ್ಚೆ ಇದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ ತಡಮಾಡದೆ ಇಂದೇ ತೋರಿಸಿ. ಅದು ಹಲ್ಲಿನ ಅಂದಕ್ಕಿಂತ ಬಹಳ ದೊಡ್ಡ ವಿಷಯ.

ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ ಹಲ್ಲು ಕಟ್ಟುವವರ ಬಳಿ ಹೋಗಬೇಡಿ. ಅವರು ಹಲ್ಲಿನ ಮೇಲೆ ಅಂಟಿಸುವ ಪ್ಲಾಸ್ಟಿಕ್ಕಿನ ಕೆಳಗೆ ಕೊಳೆ ಸೇರಿ ಒಳ್ಳೆಯ ಹಲ್ಲುಗಳೂ ಹುಳುಕಾಗುತ್ತವೆ. ದಂತ ವೈದ್ಯ ವೃತ್ತಿಗೆ ರಾಜ್ಯ ದಂತ ವೈದ್ಯ ಪರಿಷತ್ತಿನಲ್ಲಿ ನೋಂದಣಿ ಕಡ್ಡಾಯ. ಕಾನೂನೇ ಹೀಗೆ ಹೇಳುತ್ತದೆ. ಖಾಸಗಿ ಖರ್ಚು ಭಾರವೆನಿಸಿದರೆ ಬೀದರಿನ ಎಸ್.ಬಿ. ಪಾಟೀಲ ದಂತ ಮಹಾವಿದ್ಯಾಲಯ, ಕಲಬುರಗಿಯ ಎಸ್. ನಿಜಲಿಂಗಪ್ಪ ದಂತ ವಿಜ್ಞಾನ ಸಂಸ್ಥೆಯಂಥ ಕಾಲೇಜುಗಳಲ್ಲಿ ವಿಚಾರಿಸಿ. ಅಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನಡೆಯುತ್ತದೆ.

ವೈದ್ಯರನ್ನು ಕೇಳಬೇಕಾದ ಆರು ಪ್ರಶ್ನೆಗಳು

ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ.

1. ನನ್ನ ಹಲ್ಲಿನ ಕಲೆಗೆ ಕಾರಣ ಏನು?
2. ಸ್ವಚ್ಛ ಮಾಡಿ, ಬಿಳುಪು ಮಾಡಿ ನೋಡಬಹುದೇ?
3. ಹಲ್ಲು ಎಷ್ಟು ತೇಯುತ್ತೀರಿ? ತೇಯದೆ ಆಗುವುದಿಲ್ಲವೇ?
4. ನೀವು ಹಾಕುವುದು ಹೊದಿಕೆಯೋ, ಕ್ಯಾಪೋ? ಯಾವ ಸಾಮಾನು?
5. ಮುರಿದರೆ ಇಲ್ಲಿಯೇ ದುರಸ್ತಿ ಆಗುತ್ತದೆಯೇ? ಅದರ ಖರ್ಚು ಎಷ್ಟು?
6. ಹಾಕುವ ಮೊದಲು ಹೇಗೆ ಕಾಣುತ್ತದೆ ಎಂದು ತೋರಿಸುತ್ತೀರಾ?

ಆರನೆಯ ಪ್ರಶ್ನೆ ಮುಖ್ಯ. ಮೇಣದ ಅಚ್ಚಿನ ಮೇಲೆ ಅಥವಾ ಹಲ್ಲಿನ ಮೇಲೆಯೇ ತಾತ್ಕಾಲಿಕವಾಗಿ ಹಚ್ಚಿ ತೋರಿಸಬಹುದು. ಬಣ್ಣವನ್ನು ಹಗಲು ಬೆಳಕಿನಲ್ಲಿ ಆರಿಸಿ. ಸುಣ್ಣದಷ್ಟು ಬಿಳಿ ಬೇಡ. ನಿಮ್ಮ ಮೈಬಣ್ಣಕ್ಕೆ, ಅಕ್ಕಪಕ್ಕದ ಹಲ್ಲಿಗೆ ಹೊಂದುವ ಬಣ್ಣವೇ ಚೆಂದ. ಅಂಟಿಸಿದ ಮೇಲೆ ಹೊದಿಕೆಯ ಬಣ್ಣ ಬದಲಿಸಲು ಬಾರದು. ಮುಂದೆ ಬಿಳುಪು ಮಾಡುವ ಔಷಧ ಹಚ್ಚಿದರೂ ಪಿಂಗಾಣಿ ಬೆಳ್ಳಗಾಗುವುದಿಲ್ಲ. ಬಿಳುಪು ಮಾಡಿಸುವುದಿದ್ದರೆ ಮೊದಲೇ ಮಾಡಿಸಿ, ಎರಡು ವಾರ ಬಿಟ್ಟು ಹೊದಿಕೆ ಹಾಕಿಸಿ. ಬಿಳುಪು ಮಾಡಿದ ಕೂಡಲೇ ಹಾಕಿದರೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಲಗ್ನಕ್ಕೆಂದು ಬರುವವರು ಎರಡು ಮೂರು ತಿಂಗಳು ಮುಂಚೆಯೇ ಬರಬೇಕೆನ್ನುವುದು ಇದಕ್ಕೇ.

ಹಾಕಿಸಿದ ಮೇಲೆ

ಕಬ್ಬನ್ನು ಮುಂದಿನ ಹಲ್ಲಿನಿಂದ ಸಿಗಿಯಬೇಡಿ. ಭಾಲ್ಕಿ ತಾಲ್ಲೂಕಿನವರಿಗೆ ಈ ಮಾತು ಕಷ್ಟವೆಂದು ಗೊತ್ತು. ಕಬ್ಬನ್ನು ಸಣ್ಣ ತುಂಡು ಮಾಡಿ ದವಡೆಯಲ್ಲಿ ಅಗಿಯಿರಿ. ಒಣ ರೊಟ್ಟಿಯನ್ನು ಕೈಯಿಂದ ಮುರಿದು ತಿನ್ನಿ. ದಾರ ಕಡಿಯುವುದು, ಬಾಟಲಿ ಮುಚ್ಚಳ ತೆಗೆಯುವುದು, ಅಡಿಕೆ ಒಡೆಯುವುದು ಬೇಡ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪಿನಿಂದ ತಿಕ್ಕಿದರೆ ಕಾಂಪೋಸಿಟ್ ಹೊಳಪು ಹೋಗುತ್ತದೆ. ಮೆತ್ತನೆಯ ಬ್ರಷ್‌ನಿಂದ ದಿನಕ್ಕೆರಡು ಸಲ ಉಜ್ಜಿ. ಹೊದಿಕೆಗೆ ಹುಳುಕು ಹಿಡಿಯುವುದಿಲ್ಲ, ಆದರೆ ಅದರ ಅಂಚಿನಲ್ಲಿರುವ ನಿಮ್ಮ ಹಲ್ಲಿಗೆ ಹಿಡಿಯುತ್ತದೆ. ಹುಳುಕು ತಡೆಯಲು ಫ್ಲೋರೈಡ್ ಜೆಲ್ ಹಚ್ಚುವ ಸಂದರ್ಭ ಬಂದರೆ ಹೊದಿಕೆ ಇದೆ ಎಂದು ಮೊದಲೇ ಹೇಳಿ. ಆಮ್ಲ ಬೆರೆತ ಜೆಲ್ ಪಿಂಗಾಣಿಯ ಹೊಳಪು ಕೆಡಿಸುತ್ತದೆ. ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಿ. ಹೊದಿಕೆ ಕಳಚಿ ಬಂದರೆ ಬಿಸಾಡಬೇಡಿ, ಡಬ್ಬಿಯಲ್ಲಿ ಹಾಕಿಕೊಂಡು ಬನ್ನಿ. ಮನೆಯಲ್ಲಿ ಫೆವಿಕ್ವಿಕ್ ಹಾಕಿ ಅಂಟಿಸಬೇಡಿ.

ಕೊನೆಯದಾಗಿ ಹಿರಿಯರಲ್ಲಿ ಒಂದು ಬಿನ್ನಹ. ಹೆಣ್ಣು ನೋಡಲು ಹೋದಾಗ ಹಲ್ಲಿನ ಕಲೆ ನೋಡಿ ಸಂಬಂಧ ಬೇಡವೆನ್ನುವವರು ಇದ್ದಾರೆ. ಆ ಕಲೆ ಆ ಮಗು ಮೂರು ವರ್ಷದವಳಿದ್ದಾಗ ಕುಡಿದ ನೀರಿನದು. ಅದರಲ್ಲಿ ಅವಳ ತಪ್ಪಿಲ್ಲ, ಅವಳ ತಾಯಿಯ ತಪ್ಪೂ ಇಲ್ಲ. ಅದು ರೋಗವಾಗಿ ಅಂಟುವುದಿಲ್ಲ, ಅವಳ ಮಕ್ಕಳಿಗೆ ಬರುವುದಿಲ್ಲ. ಹೊದಿಕೆ ಹಾಕಿಸಬೇಕೋ ಬೇಡವೋ ಎಂಬುದನ್ನು ಆ ಹುಡುಗಿಯೇ, ತನ್ನ ಸಮಾಧಾನಕ್ಕಾಗಿ, ತಿಳಿದು ನಿರ್ಧರಿಸಲಿ. ಬಂದವರ ಕಣ್ಣಿಗಾಗಿ ಅವಳ ಗಟ್ಟಿ ಹಲ್ಲುಗಳನ್ನು ತೇಯಿಸಬೇಡಿ.

ಯಾರಿಗಾದರೂ ಸಂದೇಹವಿದ್ದರೆ ತಪಾಸಣೆಯ ಕೋಣೆಗೆ ಬನ್ನಿ, ಹಲ್ಲು ನೋಡಿಯೇ ಹೇಳೋಣ.